ಅಮಾವಾಸ್ಯೆಗೆ ಬಾಗಿಲು ತೆರೆಯುವ ಲೈಬ್ರರಿ ಬಾಯಮ್ಮ

ಬೆಳಗ್ಗೆ ಆರೂ ಕಾಲು. ಪಾದೆಕಟ್ಟೆ ಜಂಕ್ಷನ್ನಿನ ಹೋಟೆಲಿನಲ್ಲಿ ಇನ್ನೂ ಮೊದಲ ನೀರುದೋಸೆ ಕಾವಲಿಯಿಂದ ಎದ್ದಿಲ್ಲ. ನಿಟ್ಟೆಯಿಂದ ಬಜಗೋಳಿ ಕಡೆಗೆ ಹೋಗುವ ಒಳರಸ್ತೆಯಲ್ಲಿ ಸಿಗುವ ಈ ಸಣ್ಣ ಊರಿನ ಬಸ್ ತಂಗುದಾಣದ ಎದುರು ಮೂವತ್ತೈದು ನಲವತ್ತು ಮಂದಿ ನಿಂತಿದ್ದಾರೆ. ಕೈಯಲ್ಲಿ ಬುತ್ತಿ, ಹೆಗಲಲ್ಲಿ ಟವೆಲು, ಹೆಂಗಸರ ಕೈಯಲ್ಲಿ ತಲೆಗಿಡುವ ಸಿಂಬಿ. ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಗುತ್ತಿಗೆದಾರರ ಪಿಕಪ್ ಗಾಡಿಗಳು ಆರೂವರೆಗೆ ಬರುತ್ತವೆ, ಬಂದರೆ ನಿಲ್ಲುವುದು ಎರಡೇ ನಿಮಿಷ. ಅದಕ್ಕೆ ಮೊದಲಿನ ಕಾಲು ಗಂಟೆಯೇ ಡೈನಾ ಕ್ವಾಡ್ರಸ್ ಅವರ ಆಫೀಸು.

ಡೈನಾ ಆ ಗುಂಪಿನೊಳಗೆ ನುಸುಳುತ್ತಾರೆ. ಹೆಗಲಿಗೆ ಬಟ್ಟೆಯ ಚೀಲ, ಬಲಗೈಯ ಮೂರು ಬೆರಳಿಗೆ ನಿನ್ನೆಯ ಸೀಮೆಸುಣ್ಣದ ಬಿಳುಪು. ಅವರು ಹುಡುಕುವುದು ಗಾರೆ ಮೇಸ್ತ್ರಿ ಕಲ್ಲಯ್ಯನವರನ್ನು.

"ಬುಧವಾರ ಅಮಾವಾಸ್ಯೆ ಅಂತ ಕ್ಯಾಲೆಂಡರಿನಲ್ಲಿ ಉಂಟು. ನಿಮ್ಮ ಲೆಕ್ಕದಲ್ಲಿ ಯಾವತ್ತು?"

ಕಲ್ಲಯ್ಯ ಅವಸರ ಮಾಡುವವರಲ್ಲ. ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟುಕೊಂಡ ಮೇಲೆ ಹೇಳುತ್ತಾರೆ. "ಬುಧವಾರನ ರೀ ಅಕ್ಕಾರ. ಈ ಸಲ ಕ್ಯಾಲೆಂಡರ್‌ಗೂ ಬುದ್ಧಿ ಬಂದೈತಿ."

ಸುತ್ತ ನಿಂತವರು ನಗುತ್ತಾರೆ. ಡೈನಾ ನಗುತ್ತಲೇ ಆ ಮಾತನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ಬುಧವಾರ, ಸಂಜೆ ನಾಲ್ಕೂವರೆ. ಆಮೇಲೆ ಅವರ ಕಣ್ಣು ಗುಂಪಿನ ಅಂಚಿಗೆ ಹೋಗುತ್ತದೆ. ಅಲ್ಲಿ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ನಲವತ್ತನಾಲ್ಕರ ಭಾಗವ್ವ ರಸ್ತೆಯ ಕಡೆಗೆ ಮುಖ ಮಾಡಿ ನಿಂತಿದ್ದಾಳೆ.

"ಭಾಗವ್ವ, ಬರುತ್ತೀರಿ ಅಲ್ವಾ?"

"ನೋಡೂನ್ರಿ," ಎನ್ನುತ್ತಾಳೆ ಭಾಗವ್ವ, ಮುಖ ತಿರುಗಿಸದೆ. ಅಷ್ಟರಲ್ಲಿ ಪಿಕಪ್ ಬರುತ್ತದೆ.

ಒಂದು ತಿಂಗಳಿಂದ ಭಾಗವ್ವ ಕೊಡುವ ಉತ್ತರ ಈ 'ನೋಡೂನ್ರಿ' ಒಂದೇ, ಅದು ಡೈನಾ ಅವರ ಎದೆಯಲ್ಲಿ ಕೂತಿದೆ. ಅದು ಏಕೆಂದು ತಿಳಿಯಬೇಕಾದರೆ ಮೊದಲು ಅವರ ಗ್ರಂಥಾಲಯದ ಒಳಗೆ ಹೋಗಬೇಕು.

ಪಾದೆಕಟ್ಟೆಯ ಪಂಚಾಯತಿ ಗ್ರಂಥಾಲಯ ಎಂದರೆ ಹಾಲಿನ ಡೈರಿಯ ಬೆನ್ನಿಗೆ ಅಂಟಿಕೊಂಡ ಒಂದೂವರೆ ಕೋಣೆ. ಮೂರು ಸಾವಿರದ ನಾನೂರು ಪುಸ್ತಕ, ಐದು ದಿನಪತ್ರಿಕೆ, ಹನ್ನೆರಡು ಕುರ್ಚಿ, ಎರಡು ಬೆಂಚು. ದಿನಕ್ಕೆ ಬರುವವರು ಸರಾಸರಿ ಐವತ್ತು ಮಂದಿ, ಅವರಲ್ಲಿ ಹದಿನೈದು ಮಂದಿ ಪತ್ರಿಕೆಯ ನಿಧನವಾರ್ತೆ ಓದಿ ಎದ್ದು ಹೋಗುವವರು. ನಲವತ್ತೆಂಟರ ಡೈನಾ ಇಲ್ಲಿ ಹತ್ತೊಂಬತ್ತು ವರ್ಷದಿಂದ ಮೇಲ್ವಿಚಾರಕಿ. ಹೆಸರಿಗೆ ಮೇಲ್ವಿಚಾರಕಿ, ಕಸ ಗುಡಿಸುವುದು, ಪುಸ್ತಕಕ್ಕೆ ರಟ್ಟು ಹಾಕುವುದು, ಗೆದ್ದಲಿನ ಜೊತೆ ಜಗಳವಾಡುವುದು ಎಲ್ಲ ಅವರೇ. ಕ್ರೈಸ್ತ ಹೆಂಗಸರನ್ನು 'ಬಾಯಮ್ಮ' ಎಂದು ಕರೆಯುವ ಊರಿನವರಿಗೆ ಅವರು 'ಲೈಬ್ರರಿ ಬಾಯಮ್ಮ'.

ಬಜಗೋಳಿಯಲ್ಲಿ ಹುಟ್ಟಿದ ಡೈನಾ ಪಿಯುಸಿ ಮುಗಿಸಿ, ಗ್ರಂಥಾಲಯದ ಸರ್ಟಿಫಿಕೇಟು ಪರೀಕ್ಷೆ ಕಟ್ಟಿದ್ದು ಮದುವೆಯಾದ ಮೇಲೆ. ಗಂಡ ಸ್ಟ್ಯಾನಿಸ್ಲಾಸ್ ಬಹ್ರೇನ್‌ನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದವರು. ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡು ಊರಿಗೆ ಬಂದು ಆರು ವರ್ಷವಾಯಿತು. ಹೆಚ್ಚು ಹೊತ್ತು ನಿಲ್ಲಲಾಗದ ಅವರು ಮನೆಯಂಗಳದ ಮಲ್ಲಿಗೆ ಗಿಡಗಳನ್ನು ನೋಡಿಕೊಳ್ಳುತ್ತಾರೆ. ನಸುಕಿನಲ್ಲಿ ಎದ್ದು ಮೊಗ್ಗು ಕೊಯ್ಯುವುದು ಡೈನಾ, ಕೂತು ಕಟ್ಟುವುದು ಅವರು. ಕಟ್ಟಿದ ಮಾಲೆಗಳ ಅಟ್ಟೆಯನ್ನು ಜಂಕ್ಷನ್ನಿನ ಅಂಗಡಿಗೆ ಕೊಟ್ಟು ಡೈನಾ ಕೂಲಿಯವರ ಗುಂಪಿನ ಕಡೆಗೆ ತಿರುಗುತ್ತಾರೆ. "ಇವಳಿಗೆ ಬೆಳಗ್ಗೆ ಹೂವಿನ ಕೆಲಸ, ಹಗಲು ಪುಸ್ತಕದ ಕೆಲಸ. ಎರಡರಲ್ಲೂ ಬಾಡುವ ಮೊದಲು ಜನರ ಕೈಗೆ ಮುಟ್ಟಿಸಬೇಕು," ಎಂದು ಸ್ಟ್ಯಾನಿಸ್ಲಾಸ್ ತಮಾಷೆ ಮಾಡುತ್ತಾರೆ.

ಗ್ರಂಥಾಲಯದ ಹೊರಗೋಡೆಗೆ ಒಂದು ಕರಿಹಲಗೆಯಿದೆ. ಬರುವ ದಿನಗಳ ಕಾರ್ಯಕ್ರಮಗಳನ್ನು ಡೈನಾ ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ಶನಿವಾರ ಮಕ್ಕಳಿಗೆ ಕತೆ. ಕನ್ನಡದಲ್ಲಿ ಶುರುವಾಗಿ ತುಳುವಿನಲ್ಲಿ ಜಗಳವಾಗಿ ಕೊಂಕಣಿಯಲ್ಲಿ ಮುಗಿಯುವ ಕತೆ. ಮೊದಲ ಭಾನುವಾರ, ನಿಟ್ಟೆಯ ಹಾಸ್ಟೆಲಿನ ಇಂಜಿನಿಯರಿಂಗ್ ವಿದ್ಯಾರ್ಥಿನಿ ಕಾವ್ಯ ಹಿರಿಯರಿಗೆ ಮೊಬೈಲು ಕಲಿಸುತ್ತಾಳೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ತರಕಾರಿ ಬೀಜ ಬದಲಾಯಿಸಿಕೊಳ್ಳುವ ಸಂತೆ. ಹಲಗೆಯ ಕೊನೆಯ ಸಾಲು ಮಾತ್ರ ಜಿಲ್ಲೆಯ ಬೇರೆ ಯಾವ ಗ್ರಂಥಾಲಯದ ಗೋಡೆಯಲ್ಲೂ ಸಿಗಲಿಕ್ಕಿಲ್ಲ. 'ಅಮಾವಾಸ್ಯೆ ಓದು, ಸಂಜೆ 4.30.'

ಇದು ಶುರುವಾಗಿ ಮೂರು ವರ್ಷ. ಹೊರ ಊರಿನಿಂದ ಬಂದ ಕೂಲಿಯವರಿಗೆ ಅಕ್ಷರ ಕಲಿಸಬೇಕೆಂದು ಡೈನಾ ಮೊದಲು ಭಾನುವಾರ ಸಂಜೆ ಇಟ್ಟುಕೊಂಡಿದ್ದರು. ಕುರ್ಚಿ ಹಾಕಿ ಕಾದದ್ದೇ ಬಂತು. ಆರು ಭಾನುವಾರಗಳಲ್ಲಿ ಬಂದವರು ಇಬ್ಬರು, ಅದರಲ್ಲಿ ಒಬ್ಬರು ಕುಡಿಯಲು ನೀರು ಕೇಳಲು ಬಂದವರು. ಕೊನೆಗೆ ಅವರು ತಂಗಿದ್ದ ತಗಡಿನ ಶೆಡ್ಡಿಗೇ ಹೋಗಿ ವಿಚಾರಿಸಿದಾಗ ಕಲ್ಲಯ್ಯ ಬಿಡಿಸಿ ಹೇಳಿದರು. ಭಾನುವಾರ ಸಂತೆ, ಬಟ್ಟೆ ಒಗೆಯುವುದು, ಊರಿಗೆ ಫೋನು. ಅದೂ ಅಲ್ಲದೆ ಅರ್ಧ ಭಾನುವಾರಗಳಲ್ಲಿ ಕಾಂಕ್ರೀಟು ಹಾಕುವ ಕೆಲಸವಿರುತ್ತದೆ. "ಆದ್ರ ಅಮಾಸಿ ದಿನ ನಾವು ಪುಟ್ಟಿ ಮುಟ್ಟಂಗಿಲ್ರಿ," ಎಂದರು ಕಲ್ಲಯ್ಯ. "ಊರಾಗ ಎತ್ತಿಗೂ ಅವತ್ತ ಬಿಡುವು. ಇಲ್ಲಿ ನಾವ ಎತ್ತು. ಹೋಳಿಗಿ ಉಂಡು ಮಲಗೂದು, ಅಷ್ಟ."

ಡೈನಾ ಮನೆಗೆ ಬಂದು ಕ್ಯಾಲೆಂಡರು ತೆಗೆದರು. ಚರ್ಚಿನ ಕ್ಯಾಲೆಂಡರಿನಲ್ಲಿ ಸಂತರ ಹಬ್ಬಗಳೆಲ್ಲ ಇವೆ, ಅಮಾವಾಸ್ಯೆ ಇಲ್ಲ. ಮರುದಿನ ಸಹಕಾರಿ ಬ್ಯಾಂಕಿಗೆ ಹೋಗಿ ಅಮಾವಾಸ್ಯೆಗೆ ಕರಿಚುಕ್ಕೆ ಇರುವ ಕ್ಯಾಲೆಂಡರು ಕೇಳಿ ತಂದರು. ಸುದ್ದಿ ಊರಿಡೀ ಹಬ್ಬಿತು. ಪೂಜೆ ಮುಗಿಸಿ ಚರ್ಚಿನಿಂದ ಬರುವ ಹೆಂಗಸರು, "ಡೈನಾ ಈಗ ಪಂಚಾಂಗ ನೋಡುವುದಂತೆ, ನಮ್ಮ ಹುಡುಗನಿಗೂ ಒಂದು ಒಳ್ಳೆಯ ದಿನ ಹೇಳು," ಎಂದು ಕೀಟಲೆ ಮಾಡಿದರು. ಡೈರಿಗೆ ಹಾಲು ತರುವವರು ಅಮಾವಾಸ್ಯೆ ಸಂಜೆ ಗ್ರಂಥಾಲಯದಲ್ಲಿ ದೀಪ ಉರಿಯುವುದನ್ನು ಕಂಡು ದೂರದಿಂದಲೇ ಸುತ್ತು ಹಾಕಿ ಹೋದರು. ಒಳಗೆ ಮಾಟ ಮಂತ್ರ ನಡೆಯುತ್ತಿಲ್ಲ, ಹನ್ನೊಂದು ಮಂದಿ ಸಿಮೆಂಟು ಚೀಲದ ಮೇಲಿನ ಅಕ್ಷರ ಕೂಡಿಸಿ ಓದುತ್ತಿದ್ದಾರೆಂದು ತಿಳಿಯಲು ಅವರಿಗೆ ಎರಡು ತಿಂಗಳು ಬೇಕಾಯಿತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಪಂಚಾಯತಿ ಸಭೆಯಲ್ಲಿ ಯಾರೋ ಮೂಗು ಮುರಿದರು. ಡೈನಾ ಕೇಳಿಯೂ ಕೇಳದಂತೆ ಇದ್ದರು. ಈ ಹೆಂಗಸಿನ ದೊಡ್ಡ ಗುಣ ಅದು, ಜಗಳಕ್ಕೆ ಬೇಕಾದ ಪುರುಸೊತ್ತು ಅವರಿಗೆ ಇಲ್ಲ.

"ಪಾಠಪುಸ್ತಕ ಹಿಡಿದರೆ ಅವರಿಗೆ ನಿದ್ದೆ ಬರುತ್ತದೆ ಮಾರಾಯ್ರೆ, ನನಗೂ ಬರುತ್ತದೆ," ಎನ್ನುತ್ತಾರೆ ಡೈನಾ. "ಅದಕ್ಕೆ ನಿಮಗೆ ಎಂತ ಓದಬೇಕು ಅಂತಲೇ ಕೇಳುವುದು. ಒಬ್ಬರಿಗೆ ಬಸ್ಸಿನ ಬೋರ್ಡು, ಒಬ್ಬರಿಗೆ ಮಾತ್ರೆಯ ಚೀಟಿ. ಬೇಕಾದ್ದನ್ನು ಓದಲು ಕಲಿತವರು ಬೇಡದ್ದನ್ನೂ ಓದುತ್ತಾರೆ."

ಭಾಗವ್ವನನ್ನೂ ಹಾಗೆಯೇ ಕೇಳಿದ್ದರು. ಆಕೆ ಹೇಳಿದ್ದು ಮೂರನೆಯ ಅಮಾವಾಸ್ಯೆಗೆ. ಹನ್ನೆರಡು ವರ್ಷದಿಂದ ಈ ಸೀಮೆಯಲ್ಲಿ ಕಲ್ಲು ಹೊತ್ತಿದ್ದಾಳೆ. ಪಾದೆಕಟ್ಟೆಯೊಂದರಲ್ಲೇ ಐದು ಮನೆ ಆಕೆಯ ತಲೆಯ ಮೇಲಿನಿಂದ ಎದ್ದಿವೆ. ಇಲ್ಲಿನ ಮಂದಿ ಮನೆಗೊಂದು ಹೆಸರಿಟ್ಟು ಗೇಟಿನ ಕಂಬದ ಮೇಲೆ ಬರೆಸುತ್ತಾರೆ. ಆದರೆ ಆ ಫಲಕ ಕೂರುವುದು ಎಲ್ಲ ಕೆಲಸ ಮುಗಿದ ಮೇಲೆ, ಕೂಲಿಯವರು ಗಂಟುಮೂಟೆ ಕಟ್ಟಿಕೊಂಡು ಮುಂದಿನ ಸೈಟಿಗೆ ಹೋದ ಮೇಲೆ.

"ನಾ ಕಟ್ಟಿದ ಮನಿಗೆ ಏನ ಹೆಸರಿಟ್ಟಾರ ನನಗ ಗೊತ್ತಿಲ್ರಿ ಅಕ್ಕಾರ. ಅದನ್ನ ಓದಬೇಕು," ಎಂದಳು ಭಾಗವ್ವ.

ಪುಸ್ತಕಗಳ ನಡುವೆ ಇಷ್ಟು ವರ್ಷ ಕಳೆದರೂ ಇಂಥದೊಂದು ಓದು ಇದೆಯೆಂದು ಡೈನಾ ಅವರಿಗೆ ಹೊಳೆದಿರಲಿಲ್ಲ. ಹಲಗೆಯ ಮೇಲೆ ಹೊಸ ಕಾರ್ಯಕ್ರಮ ಹುಟ್ಟಿತು, 'ಮನೆ ಹೆಸರು ಓದುವ ನಡಿಗೆ'. ಅಮಾವಾಸ್ಯೆ ಸಂಜೆ ಎಲ್ಲರೂ ಗ್ರಂಥಾಲಯದಿಂದ ಹೊರಟು, ತಾವು ಕಟ್ಟಿದ ಮನೆಗಳ ಎದುರು ನಿಂತು, ಹೆಸರು ಓದಿ ಬರುವುದು. ಒಂಬತ್ತು ತಿಂಗಳು ಭಾಗವ್ವ ಒತ್ತಕ್ಷರಗಳ ಜೊತೆ ಗುದ್ದಾಡಿದಳು. ನಡಿಗೆಯ ದಿನ ಗೊತ್ತಾಯಿತು, ಹೋದ ತಿಂಗಳ ಅಮಾವಾಸ್ಯೆ, ಮಂಗಳವಾರ.

ಎಡವಟ್ಟಾದದ್ದು ಅಲ್ಲಿಯೇ. ಡೈನಾ ನೋಡಿದ ಕ್ಯಾಲೆಂಡರಿನಲ್ಲಿ ಕರಿಚುಕ್ಕೆ ಮಂಗಳವಾರದ ಮೇಲಿತ್ತು. ಆದರೆ ಅಮಾವಾಸ್ಯೆ ಹಿಡಿದದ್ದು ಸೋಮವಾರ ಬೆಳಗ್ಗೆ ಹತ್ತಕ್ಕೆ, ಬಿಟ್ಟದ್ದು ಮಂಗಳವಾರ ಒಂಬತ್ತಕ್ಕೆ. ಸೂರ್ಯ ಹುಟ್ಟುವಾಗ ಇರುವ ತಿಥಿಯನ್ನು ಹಿಡಿಯುವುದು ಕ್ಯಾಲೆಂಡರಿನ ಲೆಕ್ಕ. ರಾತ್ರಿ ಯಾವತ್ತು ಅಮಾವಾಸ್ಯೆಯೋ ಅವತ್ತೇ ಅಮಾವಾಸ್ಯೆ ಎನ್ನುವುದು ಶೆಡ್ಡಿನ ಲೆಕ್ಕ, ಅಂದರೆ ಕಲ್ಲಯ್ಯನವರ ಲೆಕ್ಕ. ಅಲ್ಲಿಯ ತನಕ ಎರಡೂ ಲೆಕ್ಕ ಕೂಡಿ ಬರುತ್ತಿದ್ದವೋ, ಹೆಚ್ಚುಕಮ್ಮಿಯಾದಾಗ ಯಾರಾದರೂ ನೆನಪಿಸುತ್ತಿದ್ದರೋ, ಅಂತೂ ದೋಣಿ ಸಾಗಿತ್ತು. ಆ ಸಲ ಯಾರೂ ನೆನಪಿಸಲಿಲ್ಲ, ಡೈನಾ ಕೇಳಲೂ ಇಲ್ಲ.

ಸೋಮವಾರ ಗ್ರಂಥಾಲಯಕ್ಕೆ ವಾರದ ರಜೆ. ಡೈನಾ ಕಾರ್ಕಳದಲ್ಲಿ ತಂಗಿಯ ಮಗಳ ರೋಸ್ ಶಾಸ್ತ್ರದಲ್ಲಿದ್ದರು, ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚುವ ಸಂಭ್ರಮದಲ್ಲಿ. ಇತ್ತ ಭಾಗವ್ವ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಜೊತೆಯ ಏಳು ಮಂದಿಯನ್ನು ಕಟ್ಟಿಕೊಂಡು ನಾಲ್ಕೂ ಕಾಲಿಗೆ ಬೀಗ ಹಾಕಿದ ಬಾಗಿಲ ಎದುರು ಬಂದು ಕೂತಿದ್ದಳು. ಹಲಗೆಯ ಮೇಲೆ ಅಮಾವಾಸ್ಯೆ ಎಂದಿತ್ತು, ಅಮಾವಾಸ್ಯೆಯೇ ಆಗಿತ್ತು. ಆರು ಗಂಟೆಯ ತನಕ ಕಾದರು. ಡೈರಿಯವರು "ಇವತ್ತು ರಜೆ, ಹೋಗಿ" ಎಂದಾಗ ಎದ್ದು ಹೋದರು. ಮರುದಿನ ಕಾರ್ಕಳದಿಂದ ನೇರ ಬಂದ ಡೈನಾ ಬಾಗಿಲು ತೆರೆದು, ಕುಡಿಯಲು ಶರಬತ್ತು ಮಾಡಿಟ್ಟು ಕಾದರೆ ಒಂದು ನರಪಿಳ್ಳೆಯೂ ಇಲ್ಲ.

ಅದರ ಮರುದಿನ ನಸುಕಿನಲ್ಲಿ ಡೈನಾ ಜಂಕ್ಷನ್ನಿಗೆ ಓಡಿದರು. ಕಲ್ಲಯ್ಯ ವಿಷಯ ಹೇಳಿದರು. ಭಾಗವ್ವ ಏನೂ ಬೈಯಲಿಲ್ಲ. "ನಮ್ಮ ಸಲುವಾಗಿ ಬಾಗಲಾ ತಗೀತಾರಂತ ತಿಳಕೊಂಡಿದ್ವಿ. ಇರಲಿ ಬಿಡ್ರಿ," ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನ್ನುತ್ತಾರೆ ಡೈನಾ.

"ಹತ್ತೊಂಬತ್ತು ವರ್ಷದಲ್ಲಿ ನಾನು ಬಾಗಿಲು ತೆರೆಯದೆ ಒಬ್ಬರು ಹಿಂದೆ ಹೋದದ್ದು ಅದೇ ಮೊದಲು. ಅದೂ ಭಾಗವ್ವ. ಅವರನ್ನು ಕೇಳದೆ ಗೋಡೆಯ ಕಾಗದವನ್ನು ಕೇಳಿದೆ ನೋಡಿ, ಅದು ನನ್ನ ಅಹಂಕಾರ."

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ನಿಟ್ಟೆಯ ಹತ್ತಿರ ಇವರು ಕಟ್ಟುತ್ತಿದ್ದ ಹಾಸ್ಟೆಲು ಮುಗಿಯುತ್ತ ಬಂದಿದೆ. ಈ ಅಮಾವಾಸ್ಯೆ ಕಳೆದ ಮರುದಿನ ಶೆಡ್ಡು ಬಿಚ್ಚುತ್ತಾರೆ, ಶುಕ್ರವಾರ ಬೆಳಗ್ಗೆ ಇಡೀ ತಂಡ ಮುಂದಿನ ಕೆಲಸಕ್ಕೆ ಸಮುದ್ರದ ಬದಿಯ ಕಾಪುವಿಗೆ. ಹಾಗಾಗಿ ಇದೇ ಕೊನೆಯ ಅವಕಾಶ. ಭಾಗವ್ವ ಬರದಿದ್ದರೆ ಆಕೆ ಕಟ್ಟಿದ ಐದು ಮನೆ ಆಕೆಯ ಪಾಲಿಗೆ ಹೆಸರಿಲ್ಲದೆಯೇ ಉಳಿಯುತ್ತವೆ.

ಈ ಬುಧವಾರ ಮೂರೂವರೆಗೇ ಗ್ರಂಥಾಲಯದ ಎರಡೂ ಬಾಗಿಲು ತೆರೆದಿವೆ. ನಾಲ್ಕೂವರೆಗೆ ಕಲ್ಲಯ್ಯ ಬರುತ್ತಾರೆ, ಅವರ ಹಿಂದೆ ಆರು ಮಂದಿ. ಭಾಗವ್ವ ಇಲ್ಲ. ಡೈನಾ ಮೇಜಿನ ಮೇಲಿನ ಪುಸ್ತಕಗಳನ್ನು ಜೋಡಿಸುತ್ತಾರೆ, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಾರೆ. ಐದಾಗುತ್ತದೆ. ಬಿಸಿಲು ಇಳಿಯುವ ಮೊದಲು ಹೊರಡಲೇಬೇಕು. ಎಲ್ಲರೂ ಎದ್ದು ಮೆಟ್ಟಿಲು ಇಳಿಯುವಾಗ ಡೈರಿಯ ಮೂಲೆಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಕಾಣಿಸುತ್ತದೆ. ಭಾಗವ್ವ ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಬಾಗಲಾ ತಗದೈತೋ ಇಲ್ಲೋ ನೋಡೂನಂತ ನಿಂತಿದ್ನಿ," ಎನ್ನುತ್ತಾಳೆ.

"ತೆರೆದು ಉಂಟು ಭಾಗವ್ವ," ಎನ್ನುತ್ತಾರೆ ಡೈನಾ.

ಮೊದಲ ಮನೆಯ ಕಂಬದ ಎದುರು ಭಾಗವ್ವ ಕಾಲಿನ ಚಪ್ಪಲಿ ಬಿಟ್ಟು ನಿಲ್ಲುತ್ತಾಳೆ. ಬೆರಳನ್ನು ಕಲ್ಲಿನ ಅಕ್ಷರದ ಮೇಲೆ ಇಟ್ಟು ಸರಿಸುತ್ತಾಳೆ. "ಶಾಂ... ತಿ. ಸ... ದ... ನ. ಶಾಂತಿ ಸದನ." ಕಲ್ಲಯ್ಯನವರ ಕಡೆ ತಿರುಗುತ್ತಾಳೆ. "ಮಾಲಕರು, ಗುತ್ತಿಗಿದಾರರು ಹದಿನಾಲ್ಕು ತಿಂಗಳು ಒಂದ ದಿನಾನೂ ಬಿಡದಂಗ ಬಡದಾಡಿದ್ದು ಇದ ಮನ್ಯಾಗ ಅಲ್ಲೇನ್ರಿ?" ಕಲ್ಲಯ್ಯ ಎಲೆಯಡಿಕೆ ಉಗುಳಿಯೇ ನಗಬೇಕಾಗುತ್ತದೆ.

ಮೂರನೆಯ ಮನೆಯ ಫಲಕ ಇಂಗ್ಲಿಷಿನಲ್ಲಿದೆ. ಭಾಗವ್ವನ ಬೆರಳು ತಡೆಯುತ್ತದೆ. ಡೈನಾ ಓದಿ ಹೇಳುತ್ತಾರೆ, 'ಸೀ ವ್ಯೂ', ಅಂದರೆ ಇಲ್ಲಿಂದ ಸಮುದ್ರ ಕಾಣುತ್ತದೆ ಎಂದು ಅರ್ಥ. ಸಮುದ್ರ ಇಲ್ಲಿಂದ ಮೂವತ್ತು ಕಿಲೋಮೀಟರಿಗೂ ಆಚೆ. ಭಾಗವ್ವ ಮನೆಯನ್ನು ತಲೆಯೆತ್ತಿ ನೋಡುತ್ತಾಳೆ. "ಮ್ಯಾಲಿನ ಮಾಡಿಗೆ ಕಲ್ಲ ಹೊತ್ತಾಕಿ ನಾನ ರೀ. ಕಾಣಂಗಿಲ್ಲ."

ಕೊನೆಯದು ಆಕೆ ಈ ಊರಿನಲ್ಲಿ ಕೆಲಸ ಮಾಡಿದ ಮೊದಲ ಮನೆ. ಆಗ ಮಗಳು ಎದೆಹಾಲು ಕುಡಿಯುವ ಕೂಸು, ಅವಳನ್ನು ಭಾಗವ್ವ ಈ ಮನೆಯ ಕಿಟಕಿಯ ಚೌಕಟ್ಟಿಗೆ ಸೀರೆ ಕಟ್ಟಿ ತೂಗಿದ್ದಳು. ಕಂಬದ ಮೇಲೆ ಎರಡು ಒತ್ತಕ್ಷರಗಳ ಹೆಸರು. ಭಾಗವ್ವ ಎರಡು ಸಲ ತಪ್ಪುತ್ತಾಳೆ. ಡೈನಾ ತುಟಿ ಕಚ್ಚಿ ಹಿಡಿದು ನಿಲ್ಲುತ್ತಾರೆ, ಹೇಳಿಕೊಡುವುದಿಲ್ಲ. ಮೂರನೆಯ ಸಲ ಬರುತ್ತದೆ. "ಅ... ಮ್ಮ... ನ. ಅಕ್ಕ... ರೆ. ಅಮ್ಮನ ಅಕ್ಕರೆ."

ಮಾತು ಕೇಳಿ ಒಳಗಿನಿಂದ ಮನೆಯೊಡತಿ ಶಾರ್ಲೆಟ್ ಹೊರಗೆ ಬರುತ್ತಾರೆ. ಗೇಟಿನ ಎದುರು ಇಷ್ಟು ಮಂದಿಯನ್ನು ಕಂಡು ಗಾಬರಿಯಲ್ಲಿ, "ಎಂತ? ಯಾರು ನೀವು?" ಎನ್ನುತ್ತಾರೆ. ಡೈನಾ ಮುಂದೆ ಬರುವ ಮೊದಲೇ ಭಾಗವ್ವ ಉತ್ತರ ಕೊಡುತ್ತಾಳೆ.

"ಈ ಮನಿ ಕಟ್ಟಿದಾಕಿ ರೀ."

ಶಾರ್ಲೆಟ್ ಆಕೆಯನ್ನೇ ನೋಡುತ್ತಾರೆ. ಆಮೇಲೆ ಗೇಟಿನ ಚಿಲಕ ತೆಗೆಯುತ್ತಾರೆ. ಹನ್ನೆರಡು ವರ್ಷದ ಹಿಂದೆ ನೆಲಕ್ಕೆ ಟೈಲ್ಸ್ ಹಾಕಿದ ದಿನ ಹೊರಗೆ ಬಂದ ಭಾಗವ್ವ ಮತ್ತೆ ಆ ಮನೆಯ ಒಳಗೆ ಕಾಲಿಡುತ್ತಾಳೆ. ನೇರ ಆ ಕಿಟಕಿಯ ಬಳಿಗೆ ಹೋಗಿ ಚೌಕಟ್ಟನ್ನು ಅಂಗೈಯಿಂದ ಸವರುತ್ತಾಳೆ. ಶಾರ್ಲೆಟ್ ಎಲ್ಲರಿಗೂ ಚಾ ಕೊಡುತ್ತಾರೆ. ಡೈನಾ ಅಂಗಳದಲ್ಲೇ ನಿಂತು ಕನ್ನಡಕ ಒರೆಸುತ್ತಾರೆ, ಒರೆಸಿದಷ್ಟೂ ಅದು ಮಂಜಾಗುತ್ತದೆ.

ವಾಪಸು ಬರುವಾಗ ಭಾಗವ್ವ ಕೇಳುತ್ತಾಳೆ. "ಕಾಪುದಾಗ ಲೈಬ್ರರಿ ಐತೇನ್ರಿ ಅಕ್ಕಾರ? ಅಮಾಸಿಗೆ ಬಾಗಲಾ ತಗೀತಾರೇನ್ರಿ?"

ಅದನ್ನು ವಿಚಾರಿಸುತ್ತ ಡೈನಾ ಗುರುವಾರ ಇಡೀ ದಿನ ಫೋನಿನಲ್ಲಿ ಕಳೆಯುತ್ತಾರೆ. ಕೊನೆಗೆ ಕಾಪು ಸಮೀಪದ ಒಂದು ಪಂಚಾಯತಿ ಗ್ರಂಥಾಲಯದ ಪೀಟರ್ ಎಂಬವರು ಸಿಗುತ್ತಾರೆ. ಡೈನಾ ಈ ಹಿಂದೆ ಅವರನ್ನು ಕಂಡವರಲ್ಲ. ಅಮಾವಾಸ್ಯೆಯ ಸಂಗತಿ ಕೇಳಿ ಪೀಟರ್ ಮೊದಲು ನಗುತ್ತಾರೆ, ಭಾಗವ್ವನ ಸಂಗತಿ ಕೇಳಿದ ಮೇಲೆ ನಗುವುದಿಲ್ಲ. "ನೋಡುವ," ಎಂದಿದ್ದಾರೆ.

"ನನ್ನ ಬಗ್ಗೆ ಪೇಪರಿನಲ್ಲಿ ಬರೆಯಲಿಕ್ಕೆ ಎಂತ ಉಂಟು?" ಎನ್ನುತ್ತಾರೆ ಡೈನಾ, ಈ ಬರಹದ ಮಾತೆತ್ತಿದಾಗ. "ಬರೆಯುವುದಾದರೆ ಕಾಪುವಿನವರಿಗೆ ಕಾಣುವ ಹಾಗೆ ಬರೆಯಿರಿ. ಅಲ್ಲಿ ಒಬ್ಬರು ಅಮಾವಾಸ್ಯೆ ಸಂಜೆ ಒಂದು ಬಾಗಿಲು ತೆರೆದರೆ ನನಗೆ ಅಷ್ಟೇ ಸಾಕು."

ಶುಕ್ರವಾರ, ಬೆಳಗ್ಗೆ ಆರೂ ಕಾಲು. ಮಣಿಪಾಲದಿಂದ ಹೊಸದೊಂದು ಕೂಲಿಯವರ ತಂಡ ಬಂದು ಜಂಕ್ಷನ್ನಿನಲ್ಲಿ ನಿಂತಿದೆ. ಡೈನಾ ಹಲಗೆ ಒರೆಸಿ ಬರುವ ತಿಂಗಳ ಕಾರ್ಯಕ್ರಮ ಬರೆಯುತ್ತಿದ್ದಾರೆ. ಕಾಪುವಿಗೆ ಹೊರಟ ಪಿಕಪ್ಪು ತಗಡಿನ ಶೀಟು, ಪಾತ್ರೆ, ಜನ ಎಲ್ಲವನ್ನೂ ತುಂಬಿಕೊಂಡು ಬಂದು, ಡೈರಿಯ ಎದುರಿನ ರಸ್ತೆಯುಬ್ಬಿಗೆ ನಿಧಾನವಾಗುತ್ತದೆ. ಹಿಂದಿನಿಂದ ಭಾಗವ್ವನ ದನಿ ಹಲಗೆಯನ್ನು ಓದುತ್ತ ಬರುತ್ತದೆ, ಒಂದೊಂದೇ ಅಕ್ಷರವಲ್ಲ, ಇಡಿ ಇಡಿಯಾಗಿ.

"ಅಮಾವಾಸ್ಯೆ ಓದು. ಸಂಜೆ ನಾಲ್ಕೂವರೆ." ಆಮೇಲೆ, "ಅಕ್ಕಾರ, ವಾರ ಬರದಿಲ್ಲ ನೀವು."

"ಕಲ್ಲಯ್ಯ ಹೇಳಲಿ ಅಂತ ಬಿಟ್ಟದ್ದು," ಎನ್ನುತ್ತಾರೆ ಡೈನಾ.

ತಗಡುಗಳ ನಡುವಿನಿಂದ ಕಲ್ಲಯ್ಯ ಕತ್ತು ಹೊರಗೆ ಹಾಕುತ್ತಾರೆ. "ಗುರುವಾರ ರೀ. ಕ್ಯಾಲೆಂಡರ್ ಶುಕ್ರವಾರ ಅಂತೈತಿ, ನಂಬಬ್ಯಾಡ್ರಿ."

ಗಾಡಿ ತಿರುವಿನಲ್ಲಿ ಮರೆಯಾಗುತ್ತದೆ. ಡೈನಾ ಸೀಮೆಸುಣ್ಣ ಎತ್ತಿ, ಖಾಲಿ ಬಿಟ್ಟ ಜಾಗದಲ್ಲಿ 'ಗುರುವಾರ' ಎಂದು ಬರೆಯುತ್ತಾರೆ. ಆಮೇಲೆ ಕೈ ಒರೆಸಿಕೊಂಡು, ಹೊಸಬರು ನಿಂತ ಕಡೆಗೆ ಬೇಗ ಬೇಗ ನಡೆಯುತ್ತಾರೆ. ಅವರ ಪಿಕಪ್ಪು ಬರಲು ಇನ್ನು ಹತ್ತೇ ನಿಮಿಷ ಉಂಟು.